ಎಡಕ್ಕೆ ಬಿದ್ದ ಹೂವು, ನಡುವೆ ನಿಂತ ಉಸಿರು

ಊರಮ್ಮನನ್ನು ನಂಬಿದವರಿಗೆಲ್ಲ ಶರಣು. ನಾನು ಯಲಹಂಕದ ಮಂಜ, ಆರ್ಕೆಸ್ಟ್ರಾಗಳಲ್ಲಿ ಮಿಮಿಕ್ರಿ ಮಾಡುವವನು. ನನ್ನ ಸ್ವಂತ ದನಿ ಯಾವುದೆಂದು ನನಗೇ ಅನುಮಾನ. ನೀವೂ ಅನುಮಾನದಿಂದಲೇ ಓದಿ. ನಾನು ಆ ಊರಮ್ಮನನ್ನೇ ಅನುಮಾನಿಸಿದವನು.

ಎರಡು ವರ್ಷದ ಹಿಂದೆ ಅಪ್ಪನ ಸ್ಕ್ಯಾನ್‌ನಲ್ಲಿ ಹೃದಯದ ರಕ್ತನಾಳವೊಂದರೊಳಗೆ ಸ್ವಲ್ಪ ಕೊಬ್ಬು ಕಟ್ಟಿರುವುದು ಕಂಡಿತ್ತು. "ವರ್ಷ ಬಿಟ್ಟು ಇನ್ನೊಂದು ತೆಗೆಯೋಣ. ಎರಡನ್ನೂ ಪಕ್ಕಪಕ್ಕ ಇಟ್ರೆ ಬೆಳೆದಿದ್ಯಾ ಅಂತ ಗೊತ್ತಾಗುತ್ತೆ" ಎಂದಿದ್ದರು ಹೆಬ್ಬಾಳದ ಡಾಕ್ಟರು.

ಶಾಮಿಯಾನ ಅಂಗಡಿ ಇಟ್ಟಿರುವ ನಮ್ಮಪ್ಪ ಯಾರನ್ನೂ ನಂಬುವವರಲ್ಲ. "ಅದೇ ಎದೆ, ಅದೇ ಮಿಷನ್ನು. ಇನ್ನೊಂದ್ ಫೋಟೋ ಯಾಕ್ಲಾ? ನೀನೂ ಡಾಕ್ಟ್ರೂ ಏನೋ ಮಾತಾಡ್ಕೊಂಡಿದ್ದೀರ."

ಕಳೆದ ಕಾರ್ತಿಕದ ಒಂದು ಮಂಗಳವಾರ, ಜಗಳವಾಡಿ ಸಾಕಾಗಿ, ಊರಮ್ಮನ ಮುಂದೆ ಹೂ ಕೇಳುವುದೆಂದು ಒಪ್ಪಿಕೊಂಡೆವು. ಬಲಕ್ಕೆ ಬಿದ್ದರೆ ಆಸ್ಪತ್ರೆ, ಎಡಕ್ಕೆ ಬಿದ್ದರೆ ಆ ಮಾತೇ ಇಲ್ಲ. ಪೂಜಾರಪ್ಪನಿಗೆ ನಾನು ಮೊದಲೇ ಹೇಳಿಟ್ಟಿರಬಹುದೆಂದು ಅಪ್ಪ ಎದುರಿಗೇ ನಿಂತು ವಿಗ್ರಹದ ಮೇಲೆ ಹೂ ಇಡಿಸಿದರು. ನಿಜಕ್ಕೂ ಹೇಳಲು ಹೋಗಿದ್ದೆ; ಪೂಜಾರಪ್ಪ ಉಗಿದು ಕಳಿಸಿದ್ದರು.

"ತಾಯೀ, ಬಲಕ್ಕೆ ಕೊಡು, ಅಪ್ಪನ್ನ ಉಳಿಸು" ಎಂದು ಕಣ್ಣು ಮುಚ್ಚಿದೆ.

ಹೂ ಎಡಕ್ಕೆ ಬಿತ್ತು.

"ನೋಡ್ದಾ? ಅಮ್ಮಂಗೆ ಎಲ್ಲಾ ಗೊತ್ತು!" ಅಪ್ಪ ಎದೆ ತಟ್ಟಿಕೊಂಡರು.

ಊರಮ್ಮನೂ ಅಪ್ಪನ ಪಾರ್ಟಿಯೇ ಎನಿಸಿ ನನಗೆ ಅಳು ಬಂತು. ಅಳು ಬಂದರೆ ನಾನು ಇನ್ನೊಬ್ಬರ ದನಿಯಲ್ಲಿ ಅಡಗಿಕೊಳ್ಳುತ್ತೇನೆ. ಗುಡಿಯ ಅಂಗಳಕ್ಕೆ ಬಂದು, ಚಪ್ಪರ ಹಾಕುವಾಗ ಅಪ್ಪ ಕೂಗುವ ಹಾಗೆಯೇ ಕೂಗಿದೆ: "ಲೋ ಮಂಜಾ, ಆ ಕಂಬ ಬಿಟ್ಟೀಯಾ..." ಒಂದು ಉಸಿರು. "...ಗಟ್ಟಿಯಾಗ್ ಇಡ್ಕೊಳೋ!"

ಅಂಗಳದಲ್ಲಿದ್ದವರೆಲ್ಲ ನಕ್ಕರು. ಜೊತೆಗೆ ಬಂದಿದ್ದ ನಮ್ಮವ್ವ ನಗಲಿಲ್ಲ. "ಮಧ್ಯ ಯಾಕೋ ನಿಲ್ಲಿಸ್ದೆ? ನಿಮ್ಮಪ್ಪ ಒಂದೇ ಉಸಿರಲ್ಲಿ ಕೂಗ್ತಾರೆ."

"ಈಗ ನಿಲ್ಲಿಸ್ತಾರಲ್ಲವ್ವ" ಎಂದೆ. ನನ್ನ ನಾಲಿಗೆಗೆ ಮೊದಲೇ ತಿಳಿದಿದ್ದದ್ದು ನನಗೆ ತಿಳಿದದ್ದು ಆಗಲೇ.

"ಸುಳ್ಳ ಇವ್ನು! ಇಂಗೆ ನೋಡ್ಲಾ" ಎಂದು ಅಪ್ಪ ತಾವೇ ಕೂಗಿದರು. 'ಬಿಟ್ಟೀಯಾ' ಎನ್ನುವಲ್ಲಿಗೆ ಬಂದು ಉಸಿರು ನಿಂತಿತು. ಇನ್ನೊಮ್ಮೆ ಕೂಗಿದರು. ಅಲ್ಲೇ ನಿಂತಿತು. ಹಣೆಯ ಬೆವರು ಒರೆಸಿಕೊಂಡು ಮೆಲ್ಲಗೆ ಕೇಳಿದರು: "ಎಬ್ಬಾಳದ ಬಸ್ಸು ಎಷ್ಟೊತ್ಗೈತೆ?"

ಎರಡು ಸ್ಕ್ಯಾನ್ ಪಕ್ಕಪಕ್ಕ ಇಟ್ಟಾಗ ನಾಳ ಎಷ್ಟು ಕಿರಿದಾಗಿದೆಯೆಂದು ನನ್ನಂಥ ದಡ್ಡನಿಗೂ ಕಂಡಿತು. "ಇನ್ನೂ ಕಾದಿದ್ರೆ ಹಾರ್ಟ್ ಅಟ್ಯಾಕ್ ಆಗೋ ಭಯ ಇತ್ತು" ಎಂದ ಡಾಕ್ಟರು ಆ ವಾರವೇ ಸ್ಟೆಂಟ್ ಹಾಕಿದರು.

ಹೂ ಬಲಕ್ಕೆ ಬಿದ್ದಿದ್ದರೆ, ಪೂಜಾರಪ್ಪನನ್ನು ನಾನು ಬುಟ್ಟಿಗೆ ಹಾಕಿಕೊಂಡಿದ್ದೇನೆಂದು ಅಪ್ಪ ನೆಟ್ಟಗೆ ಮನೆಗೆ ಹೋಗುತ್ತಿದ್ದರು. ನನಗೆ ಅಳುವೂ ಬರುತ್ತಿರಲಿಲ್ಲ, ಆ ಕೂಗೂ ಹೊರಡುತ್ತಿರಲಿಲ್ಲ. ಊರಮ್ಮನಿಗೆ ನಮ್ಮಪ್ಪ ನನಗಿಂತ ಚೆನ್ನಾಗಿ ಗೊತ್ತು.

ಮೊನ್ನೆ ಗುಡಿಯ ಮುಂದೆಯೇ ಚಪ್ಪರ ಹಾಕುತ್ತಿದ್ದೆವು. ಅಪ್ಪ ಒಂದೇ ಉಸಿರಿನಲ್ಲಿ ನನ್ನನ್ನು ಬೈದರು. ಎರಡೂ ಕೈಯಲ್ಲಿ ಕಂಬವಿತ್ತು, ಮನಸ್ಸಿನಲ್ಲೇ ಕೈಮುಗಿದೆ.