ಕೊಳೆಬಟ್ಟೆ ಓದುವ ಜುಲ್ಮಾ

ಸಾನ್ ಫಾಕುಂದೊ ಊರಿನ ಬೆಟ್ಟಗಳ ಮೇಲೆ ಇನ್ನೂ ಬೆಳಕು ಹರಿದಿಲ್ಲ. ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬಿಳಿಚಿಕೊಂಡಿದೆ. ಹಿತ್ತಲ ಮಾಡಿನ ಕೆಳಗೆ ನೀಲಗಿರಿ ಸೌದೆಯ ಒಲೆ ಉರಿಯುತ್ತಿದೆ. ಹಂಡೆಯ ನೀರು ಸದ್ದು ಮಾಡತೊಡಗಿದಾಗ ಜುಲ್ಮಾ ಎಚೆವೆರ್ರಿ ಮೊದಲ ಗಂಟಿನ ಮುಂದೆ ನಿಂತು ಹಣೆಗೆ, ಎದೆಗೆ, ಎರಡು ಭುಜಕ್ಕೆ ಬೆರಳು ಮುಟ್ಟಿಸಿ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ. ಆಮೇಲೆಯೇ ಗಂಟಿಗೆ ಕೈ. "ಯಾರದೋ ಮೈ ಬಿಟ್ಟು ಬಂದ ಬಟ್ಟೆ ಇದು. ಕೇಳ್ದೆ ಬಿಚ್ಚಬಾರ್ದು," ಎನ್ನುತ್ತಾರೆ.

ಉರುಗ್ವೆಯ ಈ ಸಣ್ಣ ಊರಿನಲ್ಲಿ ವೃದ್ಧಾಶ್ರಮಗಳು ಎರಡು. ಎರಡರ ಬಟ್ಟೆಯೂ ಅರವತ್ತೆರಡು ವರ್ಷದ ಜುಲ್ಮಾ ಅವರ ಹಿತ್ತಲಿಗೇ ಬರುತ್ತದೆ. ಬೆರೆತುಹೋಗದಂತೆ ಪ್ರತಿ ಬಟ್ಟೆಯ ಮೂಲೆಗೂ ಅವರು ದಾರದ ಗುರುತು ಹೊಲಿದಿದ್ದಾರೆ. ಕೆಂಪು ದಾರ ಚೌಕದ ಎದುರಿನ ಲಾಸ್ ಅಕಾಸಿಯಾಸ್ ಮನೆಯದು: ಹೊಸ ಬಣ್ಣ, ಗಾಜಿನ ಬಾಗಿಲು, ಅಂಗಳದ ತುಂಬ ಗುಲಾಬಿ. ನೀಲಿ ದಾರ ಹಳೆಯ ರೈಲು ನಿಲ್ದಾಣದ ಪಕ್ಕ ಇಗರ್ಜಿಯವರು ನಡೆಸುವ ಸಾಂತಾ ರೀಟಾದ್ದು. ಅಲ್ಲಿ ಮಳೆ ಬಂದರೆ ಪಡಸಾಲೆಯಲ್ಲಿ ಬಕೆಟ್ ಇಡುತ್ತಾರೆ. ಸಾಂತಾ ರೀಟಾದ ಹತ್ತೊಂಬತ್ತು ಮಂಚಗಳಿಂದ ದಿನಕ್ಕೆ ನಲವತ್ತು ಹಾಸು ಬಟ್ಟೆ ಬರುತ್ತವೆ. ಲಾಸ್ ಅಕಾಸಿಯಾಸಿನ ಇಪ್ಪತ್ತೆರಡು ಮಂಚಗಳಿಂದ ಬರುವುದು ಒಂಬತ್ತು. ತಪಾಸಣೆಯವರು ಬರುವ ಮುನ್ನಾದಿನ ಮಾತ್ರ ಇಪ್ಪತ್ತೆರಡು.

ಕಲ್ಲುಗಣಿಯಲ್ಲಿ ದುಡಿಯುತ್ತಿದ್ದ ಗಂಡ ದೆಲ್ಮೊ ಎದೆಗೆ ದೂಳು ಕಟ್ಟಿ ಹನ್ನೊಂದು ತಿಂಗಳು ಮಲಗಿದಲ್ಲೇ ಇದ್ದು ತೀರಿಕೊಂಡು ಹತ್ತೊಂಬತ್ತು ವರ್ಷ. ಮಲಗಿದವರ ಮೈಯನ್ನು ಬಟ್ಟೆಯಿಂದ ಓದುವುದನ್ನು ಜುಲ್ಮಾ ಕಲಿತದ್ದು ಆಗ. ಗಂಡನ ಹಾಸು ಒಣಹಾಕುವುದನ್ನು ನೋಡಿದ ಸಾಂತಾ ರೀಟಾದ ಸನ್ಯಾಸಿನಿಯೊಬ್ಬರು ನಮ್ಮದನ್ನೂ ಒಗೆದುಕೊಡುತ್ತೀಯಾ ಎಂದು ಕೇಳಿದರು. ಅಂದು ಹಿಡಿದ ಸೋಪು ಇನ್ನೂ ಕೈಬಿಟ್ಟಿಲ್ಲ. ಬೆರಳುಗಳು ಬಿರಿದಿವೆ. ಚಳಿಗಾಲದಲ್ಲಿ ಜಪಮಾಲೆಯ ಮಣಿ ಬೆರಳಿಗೆ ತಿಳಿಯುವುದಿಲ್ಲ. ಹಾಗಾಗಿ ಒಣಹಾಕಿದ ಹಾಸಿಗೊಂದು ಪ್ರಾರ್ಥನೆ ಎಂದು ಲೆಕ್ಕ ಇಟ್ಟುಕೊಂಡಿದ್ದಾರೆ.

ಅಪ್ಪ ಅಮ್ಮನನ್ನು ಯಾವ ಮನೆಗೆ ಸೇರಿಸಲಿ ಎಂದು ಕೇಳಿಕೊಂಡು ಜನ ಇವರ ಗೇಟಿಗೆ ಬರುತ್ತಾರೆ. "ನಾನೇನ್ ಡಾಕ್ಟ್ರಾ?" ಎಂದು ಜುಲ್ಮಾ ನಕ್ಕು ಕಳಿಸುತ್ತಾರೆ. ಆ ನಗುವಿನ ಹಿಂದೆ ಒಂದು ಭಯವಿದೆ. ಲಾಸ್ ಅಕಾಸಿಯಾಸ್ ಹಾಸು ಹೆಚ್ಚು ಕಳಿಸದಿದ್ದರೂ ಪರದೆ, ಮೇಜುಬಟ್ಟೆ, ಸಿಬ್ಬಂದಿಯ ಬಿಳಿ ಕೋಟು ರಾಶಿ ರಾಶಿ ಕಳಿಸುತ್ತದೆ. ಇವರ ಅರ್ಧ ಬದುಕು ನಡೆಯುವುದು ಅದರಿಂದಲೇ. ಆ ಮನೆಯ ಒಡತಿ ಮಾಬೆಲ್ ಮೊದಲ ದಿನವೇ ಹೇಳಿದ್ದರು: "ಬಟ್ಟೇಲಿ ಏನ್ ಕಂಡ್ರೂ ನೀವು ಕಂಡಿಲ್ಲ."

ಭಯಕ್ಕಿಂತ ಭಾರವಾದದ್ದೂ ಒಂದಿದೆ. ಎರಡು ವರ್ಷದ ಹಿಂದೆ, ಕುರಿಯ ಉಣ್ಣೆ ಕತ್ತರಿಸುತ್ತಿದ್ದ ದೋನ್ ಎಉದೊರೊನ ತಂಗಿ ಇದೇ ಗೇಟಿನಲ್ಲಿ ನಿಂತು ಅದನ್ನೇ ಕೇಳಿದ್ದಳು. "ಕೆಂಪು ದಾರದ ಹಾಸು ಬೆಳ್ಳಗೇ ಬರ್ತವಮ್ಮಾ," ಎಂದಿದ್ದರು ಜುಲ್ಮಾ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ದಿನಕ್ಕೆ ಒಂಬತ್ತೇ ಬರುತ್ತವೆ ಎಂಬುದನ್ನು ಮಾತ್ರ ಹೇಳಿರಲಿಲ್ಲ. ತಂಗಿ ಸಮಾಧಾನದಿಂದ ಹೋಗಿ ಅಣ್ಣನನ್ನು ಅಲ್ಲಿಗೇ ಸೇರಿಸಿದಳು. ನಾಲ್ಕನೆಯ ತಿಂಗಳು ಒಂದು ಹಾಸಿನ ಕಾಲ ಕಡೆ ಎರಡು ಹುಣ್ಣಿನ ಕಲೆ ಬಂದವು, ಹಿಮ್ಮಡಿ ಊರುವ ಜಾಗದಲ್ಲಿ. ಆಮೇಲೆ ಸೊಂಟದ ಜಾಗದಲ್ಲಿ. ಆಮೇಲೆ ಎಉದೊರೊ ಎಂದು ಹೆಸರು ಹೊಲಿದ ಅಂಗಿ ಬರುವುದು ನಿಂತಿತು.

ಒಂದು ದಿನ ಬೆಳಕು ಹರಿಯುವ ಹೊತ್ತಿಗೆ ಗೇಟಿನಲ್ಲಿ ಮಿಲ್ಟನ್ ಬೆಂತಾಂಕೂರ್ ನಿಂತಿದ್ದಾನೆ. ಲಾರಿ ಚಾಲಕ. ತಾಯಿ ಓರ್ಫಿಲಿಯಾ ಬಿದ್ದು ಸೊಂಟ ಮುರಿದುಕೊಂಡಿದ್ದಾಳೆ. ಲಾಸ್ ಅಕಾಸಿಯಾಸಿನಲ್ಲಿ ಒಂದೇ ಮಂಚ ಖಾಲಿ. ಹನ್ನೆರಡು ಗಂಟೆಯೊಳಗೆ ಸಹಿ ಹಾಕದಿದ್ದರೆ ಬೇರೆಯವರಿಗೆ. ಅದೇ ಹೊತ್ತಿಗೆ ಅದೇ ಮನೆಯ ವ್ಯಾನೂ ಹಿತ್ತಲಿಗೆ ಬಂದು ನಿಂತಿದೆ. ಅದರ ಚಾಲಕ ಅನಿಬಲ್ ಕೆಂಪು ದಾರದ ಗಂಟು ಇಳಿಸಿ, ಒಲೆಯ ಪಕ್ಕ ಕೂತು, ಯೆರ್ಬಾ ಸೊಪ್ಪಿನ ಕಹಿ ಕಷಾಯ ಹೀರುತ್ತಿದ್ದಾನೆ.

"ಸಾಂತಾ ರೀಟಾನೂ ನೋಡ್ಕೊಂಡು ಬಂದೆ, ದೋನ್ಯಾ ಜುಲ್ಮಾ," ಎನ್ನುತ್ತಾನೆ ಮಿಲ್ಟನ್. "ಗೋಡೆ ಹಸಿ. ಉಚ್ಚೆ ವಾಸ್ನೆ. ಬೆಕ್ಕು ಬೇರೆ ಹಾಸ್ಗೆ ಮೇಲೆ. ಚೌಕದ ಮನೆ ಕನ್ನಡಿ ಥರ ಇದೆ. ಆದ್ರೂ ನಿಮ್ಮ ಬಾಯಿಂದ ಒಂದ್ಸಲ ಕೇಳ್ಕೊಂಡು ಸಹಿ ಹಾಕೋಣ ಅಂತ."

ಅನಿಬಲ್ ಹೀರುವುದು ನಿಲ್ಲಿಸುತ್ತಾನೆ. ಒಲೆಯಲ್ಲಿ ಸೌದೆ ಸಿಡಿಯುತ್ತದೆ. ಹಾಸು ಬೆಳ್ಳಗೇ ಬರ್ತವೆ ಎಂಬ ಆ ಹಳೆಯ ಮಾತು ಜುಲ್ಮಾ ಅವರ ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ. ಅವರು ಅದನ್ನು ನುಂಗಿಕೊಳ್ಳುತ್ತಾರೆ.

"ಒಳಗ್ ಬಾ ಮಗಾ. ತೋಳು ಮಡಚ್ಕೋ. ಮೊದ್ಲು ನೀಲಿ ಗಂಟು ಬಿಚ್ಚು."

ಮಿಲ್ಟನ್ ಬಿಚ್ಚಿ ಮುಖ ತಿರುಗಿಸುತ್ತಾನೆ.

"ಮೂಗ್ ಮುಚ್ಕೋಬೇಡ. ವಾಸ್ನೆ ಇಲ್ಲಿಗ್ ಬಂದಿದೆ ಅಂದ್ರೆ ಅಲ್ಲಿ ಯಾರ ಮೈಗೂ ಅಂಟ್ಕೊಂಡು ಉಳಿದಿಲ್ಲ ಅಂತ. ಈ ಅಂಗಿ ನೋಡು, ಎದೆ ಮೇಲೆ ಸಾರು. ತಾನೇ ಉಂಡಿದಾನೆ, ಯಾರೂ ತುರುಕಿಲ್ಲ. ಈ ಪ್ಯಾಂಟಿನ ಮಂಡಿ ಹತ್ರ ಮಣ್ಣು. ಇದು ಬೆಕ್ಕಿನ ಕೂದ್ಲು. ಈಗ ಜೇಬಿಗ್ ಕೈ ಹಾಕು."

ಮಿಲ್ಟನ್ನನ ಅಂಗೈಗೆ ಮೂರು ಒಣ ಬೀನ್ಸ್ ಕಾಳು ಬರುತ್ತವೆ. ಅವನ ಮುಖದಲ್ಲಿ ನಗು ಮೂಡುತ್ತದೆ. ತ್ರೂಕೊ ಇಸ್ಪೀಟು ಆಡುವವರು ಅಂಕ ಎಣಿಸುವುದು ಇದೇ ಕಾಳಿನಲ್ಲಿ. ಇಲ್ಲಿ ಯಾವ ಮನೆಯ ಮೇಜಿನ ಮೇಲೂ ಒಂದು ಬಟ್ಟಲು ಇದ್ದೇ ಇರುತ್ತದೆ.

"ಯಾವನೋ ಕಳ್ಳ. ಎದ್ರಾಳಿ ಕಾಳು ಜೇಬಿಗ್ ಹಾಕ್ಕೊಂಡಿದಾನೆ," ಎನ್ನುತ್ತಾನೆ.

"ಹೂಂ. ಕದಿಯೋವಷ್ಟು ಜೀವ ಇದೆ. ಈಗ ಕೆಂಪು."

ಕೆಂಪು ಗಂಟು ಸಣ್ಣದು. ವಾಸನೆಯಿಲ್ಲ. ಒಳಗೆ ಬರೀ ರಾತ್ರಿಯ ಅಂಗಿಗಳು. ಮೊಣಕೈ ಹೊಸದರಂತಿದೆ, ಬೆನ್ನು ಮಾತ್ರ ಸವೆದು ತೆಳ್ಳಗಾಗಿದೆ. ಮಿಲ್ಟನ್ ಒಂದೊಂದೇ ಜೇಬಿಗೆ ಕೈಹಾಕುತ್ತಾನೆ. ಏನೂ ಇಲ್ಲ. ಕೊನೆಯ ಹಾಸನ್ನು ಬಿಡಿಸಿದಾಗ ಕಾಲ ಕಡೆ ಎರಡು ಕಲೆ, ಅಂಚು ಹಳದಿ, ನಡುವೆ ಕಂದು.

"ಅಲ್ಲಿ ಮಲಗಿಸಿಬಿಡ್ತಾರೆ. ಹೊರಳಿಸಲ್ಲ," ಎನ್ನುತ್ತಾರೆ ಜುಲ್ಮಾ. ದನಿ ತಗ್ಗಿಸುವುದಿಲ್ಲ. "ಇದು ಯಾರ ಹಿಮ್ಮಡಿ ಅಂತ ನಂಗೊತ್ತಿಲ್ಲ. ಹೋದ್ ಸಲ ಗೊತ್ತಿತ್ತು. ಆದ್ರೂ ಬಾಯ್ ಮುಚ್ಕೊಂಡಿದ್ದೆ."

ಮಿಲ್ಟನ್ ಹಾಸನ್ನು ಮಡಚಿ ಮೆಲ್ಲಗೆ ಕಲ್ಲಿನ ಮೇಲಿಡುತ್ತಾನೆ. ಗೇಟು ದಾಟಿ ಬಲಕ್ಕೆ, ಚೌಕದ ಕಡೆಗೆ ತಿರುಗದೆ, ಎಡಕ್ಕೆ ರೈಲು ನಿಲ್ದಾಣದ ದಾರಿ ಹಿಡಿಯುತ್ತಾನೆ.

ಅನಿಬಲ್ ಎದ್ದು ನಿಂತಿದ್ದಾನೆ. "ನನ್ನೆದ್ರಿಗೇ ಯಾಕ್ ಹೇಳಿದ್ರಿ, ದೋನ್ಯಾ? ಮಾಬೆಲ್ ಕೇಳಿದ್ರೆ ನಾನೀಗ ಸುಳ್ ಹೇಳ್ಬೇಕು."

"ಹೇಳ್ಬೇಡ." ಜುಲ್ಮಾ ಆ ಹಾಸನ್ನು ಹಂಡೆಗೆ ಹಾಕದೆ, ಕಲೆ ಮೇಲೆ ಕಾಣುವಂತೆ ಮತ್ತೆ ಮಡಚಿ ಅವನ ಕೈಗಿಡುತ್ತಾರೆ. "ಇದನ್ನ ಅವರ ಮೇಜಿನ್ ಮೇಲಿಡು. ಜುಲ್ಮಾ ಒಗೆದಿಲ್ಲ, ಹಿಮ್ಮಡಿ ನೋಡ್ಬೇಕಂತೆ ಅನ್ನು." ಹತ್ತೊಂಬತ್ತು ವರ್ಷದಲ್ಲಿ ಒಗೆಯದೆ ಹಿಂದಕ್ಕೆ ಕಳಿಸಿದ ಮೊದಲ ಬಟ್ಟೆ ಅದು. ವ್ಯಾನು ಹೋದ ಮೇಲೆ ಅವರು ನೀಲಿ ಗಂಟಿನ ಹಾಸುಗಳನ್ನು ಹಂಡೆಗೆ ಹಾಕುತ್ತಾರೆ.

ಮರುದಿನ ಕೆಂಪು ದಾರದ ಗಂಟು ಬರಲಿಲ್ಲ. ಅದರ ಮರುದಿನವೂ ಇಲ್ಲ. ಈಗ ಮೂರು ವಾರ. ಒಣಹಾಕುವ ಐದು ಹಗ್ಗಗಳಲ್ಲಿ ಎರಡು ಖಾಲಿ. ಜುಲ್ಮಾ ಬೆಳಗಿನ ಬ್ರೆಡ್ಡನ್ನು ಎರಡು ಹೊತ್ತಿಗೆ ಮಾಡಿಕೊಂಡಿದ್ದಾರೆ. ಹೋದ ಗುರುವಾರ ದಾರಿಯಲ್ಲಿ ವ್ಯಾನು ನಿಧಾನವಾಯಿತು. ಅನಿಬಲ್ ಕಿಟಕಿಯಿಂದ ತಲೆ ಹಾಕಿ, "ಹಿಮ್ಮಡಿ ಕೆಳಗೆ ದಿಂಬು ಇಟ್ಟಿದಾರೆ. ದಿನಕ್ ನಾಲ್ಕ್ ಸಲ ಹೊರಳಿಸ್ತಾರೆ. ಆ ಅಜ್ಜಿ ಹೆಸ್ರು ಇಲ್ದಾ ಅಂತ. ನೀವ್ ಕೇಳಿಲ್ಲ, ನಾನ್ ಹೇಳಿಲ್ಲ," ಎಂದು ಹೊರಟುಹೋದ. ಅಲ್ಲಿಯವರೆಗೆ ಯಾವುದೋ ಹಿಮ್ಮಡಿಗಾಗಿ ಬೇಡಿಕೊಳ್ಳುತ್ತಿದ್ದ ಜುಲ್ಮಾ ಅಂದಿನಿಂದ ಇಲ್ದಾ ಎಂಬ ಹೆಸರು ಹಿಡಿದೇ ಬೇಡಿಕೊಳ್ಳುತ್ತಿದ್ದಾರೆ.

ಈ ಬೆಳಗಿನ ನೀಲಿ ಗಂಟಿನಲ್ಲಿ ಓರ್ಫಿಲಿಯಾ ಎಂದು ಹೆಸರು ಹೊಲಿದ ಅಂಗಿ ಬಂದಿದೆ. ತೋಳಿನ ಮೇಲೆ ಯೆರ್ಬಾದ ಹಸಿರು ಕಲೆ. ಜೇಬಿನಲ್ಲಿ ಒಂದೇ ಒಂದು ಕಾಳು.

"ಇನ್ನೂ ಕಲೀತಿದಾಳೆ ಮುದುಕಿ," ಎಂದು ಜುಲ್ಮಾ ಕಾಳನ್ನು ಸೊಂಟಕ್ಕೆ ಕಟ್ಟಿಕೊಂಡ ಏಪ್ರನ್ನಿನಲ್ಲಿ ಒರೆಸಿ ಕಿಟಕಿಯ ಕಟ್ಟೆಯ ಮೇಲಿಡುತ್ತಾರೆ. ಅಂಗಿ ಒಣಗಿದ ಮೇಲೆ ಅದು ಅದೇ ಜೇಬಿಗೆ ವಾಪಸ್ಸು ಹೋಗಬೇಕು. ಇಲ್ಲದಿದ್ದರೆ ಅಲ್ಲಿ ಆಟದ ಲೆಕ್ಕ ತಪ್ಪುತ್ತದೆ.

ನಿಮಗೇನು ಬೇಕು ಎಂದು ಕೇಳಿದರೆ ಅವರು ಖಾಲಿ ಹಗ್ಗಗಳ ಕಡೆ ನೋಡುವುದಿಲ್ಲ. ಹಂಡೆಯಲ್ಲಿ ಕೋಲಾಡಿಸುತ್ತಲೇ ಹೇಳುತ್ತಾರೆ: "ನನ್ ಸರದಿ ಬಂದಾಗ ನನ್ ಬಟ್ಟೆ ಒಗೆಯೋಳಿಗೆ ಕೈತುಂಬ ಕೊಳೆ ಸಿಗ್ಲಿ. ಜೇಬಲ್ಲಿ ಒಂದೆರಡು ಕಾಳು ಸಿಗ್ಲಿ. ಅಷ್ಟೇ."