ಬಾಗಿಲ ಪಕ್ಕದ ಚಾಪೆ

ಉಪ್ಪು ಹಾಕದ ಗೋಧಿ ರೊಟ್ಟಿಗೆ ವಾಸನೆ ಎಲ್ಲಿಂದ ಬರಬೇಕು ಎಂದು ನೀವು ಕೇಳಬಹುದು. ಮೊನ್ನೆ ಡಾಕ್ಟರು ನನ್ನ ಬಿ.ಪಿ. ನೋಡಿ ಉಪ್ಪು ಕಡಿಮೆ ಮಾಡಿ ಎಂದರು. ಕಡಿಮೆ ಮಾಡುವುದು ನನ್ನ ಕೈಲಾಗದ ಕೆಲಸ. ತಿಂದರೆ ಪೂರ್ತಿ, ಬಿಟ್ಟರೆ ಪೂರ್ತಿ. ಆ ಹಟದಲ್ಲೇ ಬಂಗಾರಪೇಟೆಯ ನಮ್ಮ ಅಡುಗೆಮನೆಯಲ್ಲಿ ಬರೀ ನೀರಿನಲ್ಲಿ ಹಿಟ್ಟು ಕಲಸಿ, ಎಣ್ಣೆ ಸೋಕಿಸದೆ ಕಬ್ಬಿಣದ ಹಂಚಿನ ಮೇಲೆ ರೊಟ್ಟಿ ಹಾಕಿದೆ. ಹಸಿ ಹಿಟ್ಟಿನ ವಾಸನೆ ಸುಟ್ಟ ಹಿಟ್ಟಿನ ವಾಸನೆಯಾಗಿ ತಿರುಗುವ ಒಂದು ಗಳಿಗೆ ಇರುತ್ತದಲ್ಲ, ಅಲ್ಲಿಗೆ ನನ್ನ ಕೈ ನಿಂತುಹೋಯಿತು. ತಿಂಗಳ ಮೊದಲ ಭಾನುವಾರದ ಮಧ್ಯಾಹ್ನ, ಗಣಿ ಕೆಲಸಗಾರರ ಕೋರಮಂಡಲ್ ಲೈನಿನ ತಗಡಿನ ಮನೆ, ಒಲೆಯ ಮುಂದೆ ಅಮ್ಮ, ಗೋಡೆಗೊರಗಿ ಕಾಲು ಚಾಚಿ ಕೂತ ತಾತ, ಎಲ್ಲರೂ ಒಟ್ಟಿಗೆ ಬಂದುಬಿಟ್ಟರು. ರೊಟ್ಟಿ ಕರಿಕಾಯಿತು. ಅದನ್ನೇ ತಿಂದೆ.

ತಾತ ಎಂದರೆ ಅಮ್ಮನ ತಂದೆ, ದಾವೀದಪ್ಪ. ಬಂಗಾರಪೇಟೆ ಕಡೆಯ ಹಳ್ಳಿಯೊಂದರಿಂದ ಹುಡುಗನಾಗಿದ್ದಾಗಲೇ ಚಿನ್ನದ ಗಣಿಗೆ ಬಂದವನು. ಭೂಮಿಯೊಳಗೆ ತೋಡಿದ ಜಾಗ ಕುಸಿಯದಂತೆ ಮರದ ದಿಮ್ಮಿಗಳ ಆಸರೆ ಕೊಡುವುದು ಅವನ ಕೆಲಸ. ಅಕ್ಕಪಕ್ಕದ ಮನೆಗಳಲ್ಲೆಲ್ಲ ತಮಿಳು. ತಾತ ಲೈನಿನಲ್ಲಿ ತಮಿಳಾಡುತ್ತಿದ್ದ, ರಾಬರ್ಟ್‌ಸನ್‌ಪೇಟೆಯ ಅಂಗಡಿಗಳಲ್ಲಿ ತೆಲುಗು, ಪ್ರಾರ್ಥನೆ ಮಾತ್ರ ಕನ್ನಡದಲ್ಲಿ. ದೇವರಿಗೆ ಮೂರೂ ಬರುತ್ತವೆ, ನನಗೆ ಅಳು ಬರುವುದು ಕನ್ನಡದಲ್ಲಿ ಮಾತ್ರ ಎನ್ನುತ್ತಿದ್ದ. ಲೈನಿನ ಕೊನೆಯಲ್ಲಿ ಕನ್ನಡದವರದ್ದೇ ಒಂದು ಸಣ್ಣ ಪ್ರಾರ್ಥನೆ ಮನೆ ಇತ್ತು. ಹೆಸರಿಲ್ಲ, ಗೋಪುರವಿಲ್ಲ, ಪಾದ್ರಿಯೂ ಇಲ್ಲ. ಅಲ್ಲಿಗೆ ಬರುವ ಕೆಲವು ಮನೆಗಳ ಜನಕ್ಕೆ ತಾತನೇ ಹಿರಿಯ, ಅವನೇ ಬೋಧಕ. ವಾರವೆಲ್ಲ ಕತ್ತಲಲ್ಲಿ ಇದ್ದವನಿಗೆ ಭಾನುವಾರ ಬಿಳಿ ಅಂಗಿ ತೊಟ್ಟು ಜನರ ಮುಂದೆ ನಿಲ್ಲುವುದೇ ಹಬ್ಬ. ಆ ನಿಲುವಿನಲ್ಲಿ ಸ್ವಲ್ಪ ಜಂಬವೂ ಇತ್ತಂತೆ. ಇತ್ತಂತೆ ಎನ್ನುತ್ತೇನೆ, ಏಕೆಂದರೆ ಅವನು ಅಲ್ಲಿ ನಿಂತದ್ದನ್ನು ನಾನು ನೋಡಲೇ ಇಲ್ಲ.

ನಾನು ಕೇಳಿದ ಅವನ ಪ್ರಸಂಗಗಳು, ಅಂದರೆ ಬೋಧನೆಗಳು, ಎಲ್ಲ ನಮ್ಮ ಅಡುಗೆ ಒಲೆಯ ಪಕ್ಕದಲ್ಲಿ ನಡೆದವು. ತಾತನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಮಂಜೂಷದ, ಅಂದರೆ ದೇವರ ಆಜ್ಞೆಗಳನ್ನಿಟ್ಟ ಪೆಟ್ಟಿಗೆಯ ಕಥೆ. ಅವನು ಗಂಜಿ ಪಾತ್ರೆ ಎಳೆದುಕೊಂಡು ಅದರೊಳಗೆ ಎರಡು ಕಲ್ಲಿನ ಚೂರು ಹಾಕುತ್ತಿದ್ದ. "ನೋಡು ಪಾಪ, ಇದು ದೇವ್ರು ಮೋಶೆ ಕೈಲಿ ಮಾಡ್ಸಿದ್ ಪೆಟ್ಗೆ. ಒಳ್ಗೆ ಏನೈತೆ? ಎಲ್ಡು ಕಲ್ಲಲ್ಗೆ. ಅದ್ರಾಗೆ ಬರ್ದಿರೋದ್ನ ಯಾವನಾನಾ ಪೂರ್ತಿ ನಡ್ಸಿದ್ದಾನಾ? ನಾನಿಲ್ಲ, ನಿಮ್ಮಮ್ಮ ಇಲ್ಲ, ಆ ಮೋಶೆನೂ ಇಲ್ಲ. ಬರೀ ಕಲ್ಲೇ ಇದ್ದಿದ್ರೆ ನಾವೆಲ್ಲಾ ಯಾವತ್ತೋ ಸತ್ತೋಗ್ತಿದ್ವಿ." ಆಮೇಲೆ ಮುಚ್ಚಳ ತೆಗೆದುಕೊಂಡು ಮೆಲ್ಲಗೆ ಪಾತ್ರೆಯ ಮೇಲಿಡುತ್ತಿದ್ದ. "ಅದುಕ್ಕೇ ಮ್ಯಾಲೆ ಬಂಗಾರದ್ ಮುಚ್ಚಳ ಮಾಡ್ಸಿ, ಅದುನ್ನ ಕೃಪಾಸನ ಅಂದ. ಅದ್ರ್ ಮ್ಯಾಲೆ ರಕ್ತ ಚಿಮುಕ್ಸು ಅಂದ. ಯಾರ್ ರಕ್ತ ಅಂತ ಆಗ ಯಾರ್ಗೂ ತಿಳೀಲಿಲ್ಲ. ದೇವ್ರು ಮ್ಯಾಲಿಂದ ನೋಡ್ತಾನೆ. ಅವುನ್ಗೆ ಕಾಣೋದು ಮುಚ್ಚಳ ಪಾಪ, ಕಲ್ಲಲ್ಲ." ಬೇತ್‌ಷೆಮೆಷ್ ಊರಿನವರು ಕುತೂಹಲ ತಡೆಯದೆ ಪೆಟ್ಟಿಗೆಯೊಳಗೆ ಇಣುಕಿ ಸತ್ತದ್ದನ್ನು ಹೇಳುವಾಗ ತಾತ ಮುಚ್ಚಳವನ್ನು ಒಂದು ಬೆರಳಿನಷ್ಟು ಎತ್ತಿ, ಬೆಚ್ಚಿಬಿದ್ದವನಂತೆ ಕೈಬಿಡುತ್ತಿದ್ದ. ಪಾತ್ರೆ ಠಣ್ ಎನ್ನುತ್ತಿತ್ತು, ನಾನು ಕಿರುಚುತ್ತಿದ್ದೆ. ಅಷ್ಟು ದೊಡ್ಡ ಬಂಗಾರದ ಮುಚ್ಚಳಕ್ಕೆ ಚಿನ್ನ ಎಲ್ಲಿಂದ ತಂದರು ಎಂದು ಕೇಳಿದರೆ, "ನಮ್ಮ ಮೈಸೂರು ಮೈನ್ಸ್‌ದಿರ್‌ಬೇಕು, ನಾವ್ ತೆಗ್ದಿದ್ದು ನಮ್ಗಂತೂ ಸಿಕ್ಲಿಲ್ಲ" ಎಂದು ನಗುತ್ತಿದ್ದ.

ಇಷ್ಟು ಚೆನ್ನಾಗಿ ಕೃಪೆಯ ಕಥೆ ಹೇಳುವ ಮನುಷ್ಯನೇ ಆ ಪ್ರಾರ್ಥನೆ ಮನೆಗೆ ಒಂದು ಕಟ್ಟಳೆ ಮಾಡಿಟ್ಟಿದ್ದ. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಅಂದರೆ ಯೇಸುಸ್ವಾಮಿಯ ಶರೀರವೆಂದು ರೊಟ್ಟಿ ಮುರಿದು ಎಲ್ಲರಿಗೂ ಹಂಚುವುದು. ಅದರ ಹಿಂದಿನ ಸಂಜೆ ವಿಚಾರಣೆ. ಕುಡಿದು ಹೆಂಡತಿಯನ್ನು ಹೊಡೆದವನು, ಪಕ್ಕದ ಮನೆಯವಳೊಂದಿಗೆ ಜಗಳವಾಡಿ ಮಾತುಬಿಟ್ಟವಳು, ಎಲ್ಲರೂ ಎದ್ದು ನಿಂತು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡರೆ ರೊಟ್ಟಿ. ಬಾಯಿ ಬಿಡದಿದ್ದರೆ ಬಾಗಿಲ ಪಕ್ಕದ ಈಚಲು ಚಾಪೆ. ಚಾಪೆಯ ಮೇಲೆ ಕೂತವರಿಗೆ ರೊಟ್ಟಿಯಿಲ್ಲ, ಬೋಧಿಸುವ ಹಕ್ಕೂ ಇಲ್ಲ. ಹಳೇ ಕುಡುಕರಿಗೆ ಅದು ಒಳ್ಳೆಯ ಜಾಗವೇ ಆಗಿತ್ತು, ಪ್ರಸಂಗ ಮುಗಿಯುವ ಮುಂಚೆ ಎದ್ದು ಹೋಗಬಹುದಿತ್ತು. ಆ ರೊಟ್ಟಿಯನ್ನು ಅಜ್ಜಿ ಬದುಕಿದ್ದಷ್ಟು ದಿನವೂ ಉಪ್ಪು, ಎಣ್ಣೆ, ಹುಳಿ ಯಾವುದೂ ಇಲ್ಲದೆ ನಮ್ಮ ಮನೆಯಲ್ಲೇ ಸುಡುತ್ತಿದ್ದಳು. ಅಮ್ಮ ಅದನ್ನು ಕಲಿತದ್ದು ಅಜ್ಜಿಯ ಪಕ್ಕ ಕೂತು.

ಅಮ್ಮನ ಹೆಸರು ಸುಂದರಮ್ಮ. ಅಜ್ಜಿ ತೀರಿಕೊಂಡ ಮೇಲೆ ಅವಳು ಚಿತ್ತೂರಿನ ಕಡೆ ಯಾವುದೋ ಹಾಸ್ಟೆಲಿನ ಅಡುಗೆ ಕೆಲಸಕ್ಕೆ ಹೋದಳು. ಹೋಗುವಾಗ ಒಬ್ಬಳೇ ಹೋದವಳು ಬಂದಾಗ ಇಬ್ಬರಾಗಿದ್ದಳು. ಕೈಯಲ್ಲಿ ನಾನಿದ್ದೆ, ಕೊರಳಲ್ಲಿ ತಾಳಿ ಇರಲಿಲ್ಲ. ಬಂಗಾರಪೇಟೆಯಲ್ಲಿ ರೈಲು ಬದಲಿಸಿ ಕೋರಮಂಡಲ್ ಸ್ಟೇಷನ್ನಿನಲ್ಲಿ ಇಳಿದು, ಲೈನಿನ ಉದ್ದಕ್ಕೂ ಎಲ್ಲ ಬಾಗಿಲುಗಳೂ ನೋಡುತ್ತಿರುವಾಗ ನಡೆದು ಬಂದಳಂತೆ. ತಾತ ಆಗಷ್ಟೇ ಪಾಳಿ ಮುಗಿಸಿ ಬಂದು ಮೈ ತೊಳೆಯುತ್ತಿದ್ದ. ಒದ್ದೆ ಕೈಯಲ್ಲೇ ನನ್ನನ್ನು ತೆಗೆದುಕೊಂಡು ಅವನು ಕೇಳಿದ್ದು ಒಂದೇ ಪ್ರಶ್ನೆ: "ರೈಲಾಗೆ ಕೂರಾಕೆ ಜಾಗ ಸಿಕ್ತೇನಮ್ಮ?" ಅಮ್ಮ ಇದನ್ನು ಎಷ್ಟು ಸಲ ಹೇಳಿದ್ದರೂ ಪ್ರತಿ ಸಲವೂ ಈ ಮಾತಿಗೆ ಬಂದಾಗ ಎದ್ದು ಹೋಗಿ ಒಲೆ ಕೆದಕುತ್ತಿದ್ದಳು.

ಮನೆಯೊಳಗೆ ಕೇಳದಿದ್ದರೆ ನಡೆಯುತ್ತದೆ, ಪ್ರಾರ್ಥನೆ ಮನೆಯಲ್ಲಿ ನಡೆಯುವುದಿಲ್ಲ. ಮುಂದಿನ ವಿಚಾರಣೆಯ ಸಂಜೆ ತಾತನ ಗೆಳೆಯ ಯೋಹಾನಪ್ಪ ಎದ್ದು ನಿಂತ. ತಾತನ ನಂತರದ ಹಿರಿಯ ಅವನೇ. ಕೆಟ್ಟವನಲ್ಲ, ನೇರ ಮನುಷ್ಯ. "ಅಣ್ಣಾ, ಮಗು ತಂದೆ ಯಾರು ಅಂತ ಸುಂದ್ರ ಏಳ್ಬೇಕು. ಬ್ಯಾರೆಯೋರ್ ಮಗ್ಳಾಗಿದ್ರೆ ನೀನೇ ಕೇಳ್ತಿದ್ದೆ. ಕೇಳು" ಎಂದ. ತಾತ ಅಮ್ಮನ ಕಡೆ ತಿರುಗಿದ. ಅಮ್ಮ ತಲೆ ಎತ್ತಲಿಲ್ಲ. ತಾತ, "ನನ್ ಬಾಯಾಗೆ ಬರಾಕಿಲ್ಲ ಯೋಹಾನಪ್ಪ" ಎಂದನಂತೆ. ಹಾಗಾದರೆ ಅವಳು ಚಾಪೆಗೆ ಹೋಗಬೇಕು ಎಂದ ಯೋಹಾನಪ್ಪ. ತಾತ ಒಪ್ಪಿದ. ಮರುದಿನ ಬೆಳಿಗ್ಗೆ ಬಿಳಿ ಅಂಗಿ ತೊಟ್ಟು, ಬೈಬಲ್ ಹಿಡಿದುಕೊಂಡು ಬಂದ ತಾತ ಮುಂದಕ್ಕೆ ಹೋಗಲೇ ಇಲ್ಲ. ಬಾಗಿಲ ಪಕ್ಕದ ಚಾಪೆಯ ಮೇಲೆ ಮಗಳ ಮಗ್ಗುಲಿಗೆ ಚಕ್ಕಳಮಕ್ಕಳ ಹಾಕಿ ಕೂತ. ತಟ್ಟೆ ಹಿಡಿದು ಬಂದ ಯೋಹಾನಪ್ಪನಿಗೆ, "ಅವ್ಳಿಗಿಲ್ದಿದ್ದು ನನ್ಗೂ ಬ್ಯಾಡಪ್ಪ" ಎಂದ. ಅಷ್ಟೇ. ಜಗಳವಿಲ್ಲ, ವಾದವಿಲ್ಲ. ಚಾಪೆಯವರು ಬೋಧಿಸಬಾರದು ಎಂಬ ತನ್ನದೇ ಮಾತಿನ ಪ್ರಕಾರ ಬೋಧಿಸುವುದನ್ನೂ ಬಿಟ್ಟ.

ನನಗೆ ನೆನಪು ಮೂಡುವ ಹೊತ್ತಿಗೆ ಆ ಚಾಪೆ ನಮ್ಮ ಸ್ವಂತದ್ದಾಗಿತ್ತು. ಅದು ಶಿಕ್ಷೆಯ ಜಾಗ ಎಂದು ನನಗೆ ಯಾರೂ ಹೇಳಿರಲಿಲ್ಲ. ಇಡೀ ಪ್ರಾರ್ಥನೆ ಮನೆಯಲ್ಲಿ ಅತಿ ಒಳ್ಳೆಯ ಜಾಗ ನಮಗೇ ಕೊಟ್ಟಿದ್ದಾರೆ ಎಂದು ಬೀಗುತ್ತಿದ್ದೆ. ಚಿನ್ನ ತೆಗೆದುಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ಮೊದಲು ನಮಗೆ ತಾಗುತ್ತಿತ್ತು. ಎಲ್ಲರ ಚಪ್ಪಲಿಗಳೂ ನನ್ನ ಕಣ್ಣ ಮುಂದೆ. ಯಾರದ್ದು ಸವೆದಿದೆ, ಯಾರದ್ದು ಹೊಸದು ಎಂದು ನನಗೆ ತಿಳಿದಷ್ಟು ದೇವರಿಗೂ ತಿಳಿದಿರಲಿಕ್ಕಿಲ್ಲ. ಒಂದು ಕಂದು ನಾಯಿ ಹೊಸ್ತಿಲ ಮೇಲೆ ಗದ್ದವಿಟ್ಟು ಪ್ರಾರ್ಥನೆ ಮುಗಿಯುವವರೆಗೂ ಮಲಗಿರುತ್ತಿತ್ತು. ಯೋಹಾನಪ್ಪ ಮುಂದೆ ನಿಂತು ತಡವರಿಸುತ್ತ ಬೋಧಿಸುವಾಗ, ಅವನು ಮರೆತ ವಾಕ್ಯವನ್ನು ತಾತ ತುಟಿ ಅಲುಗಾಡಿಸಿ ತನ್ನಷ್ಟಕ್ಕೆ ಮುಗಿಸುತ್ತಿದ್ದ. ಅದು ನನ್ನ ಕಿವಿಗೆ ಮಾತ್ರ ಕೇಳುತ್ತಿತ್ತು. ಆಗ ನನಗೆ ನಗು ಬರುತ್ತಿತ್ತು.

ಅಮ್ಮನ ಕೈಯ ರೊಟ್ಟಿಯನ್ನು ಭೋಜನಕ್ಕೆ ಇಡುವಂತಿರಲಿಲ್ಲವಾದ್ದರಿಂದ ಸಭೆಯವರು ರಾಬರ್ಟ್‌ಸನ್‌ಪೇಟೆಯ ಬೇಕರಿಯಿಂದ ಬನ್ನು ತರಿಸತೊಡಗಿದರು. ಅದು ಸಿಹಿ ಬನ್ನು. ಯೇಸುಸ್ವಾಮಿಯ ಶರೀರಕ್ಕೆ ಸಕ್ಕರೆ ಯಾಕಪ್ಪಾ ಎಂದು ತಾತ ಮನೆಗೆ ಬಂದು ಗೊಣಗುತ್ತಿದ್ದ. ಆ ಭಾನುವಾರಗಳಂದು ಮಾತ್ರ ಮಧ್ಯಾಹ್ನಕ್ಕೆ ಅಜ್ಜಿಯ ರೊಟ್ಟಿ ಸುಡು ಎಂದು ಅಮ್ಮನನ್ನು ಕೇಳುತ್ತಿದ್ದ. ಅದರಲ್ಲಿ ಕಳ್ಳಾಟವಿರಲಿಲ್ಲ, "ಇದು ಕರ್ತನ ಭೋಜ್ನ ಅಲ್ಲ, ಬರೀ ರೊಟ್ಟಿ" ಎಂದು ಪ್ರತಿ ಸಲವೂ ಹೇಳಿಯೇ ಹುಚ್ಚೆಳ್ಳು ಚಟ್ನಿ ಹಚ್ಚಿಕೊಳ್ಳುತ್ತಿದ್ದ. ಒಂದು ಮಧ್ಯಾಹ್ನ ಅಮ್ಮ ಹಂಚಿನ ಮೇಲಿಂದ ಕಣ್ಣು ತೆಗೆಯದೆ, "ನಾಯ್ನಾ, ಇನ್ನ ನೀನು ಮುಂದುಕ್ಕೋಗಿ ಕೂತ್ಕೊ. ನನ್ಗೇನೋ ಚಾಪೆ ಅಭ್ಯಾಸ ಆಗೋಯ್ತು" ಎಂದಳು. ಅಪ್ಪನನ್ನು ಅವಳು ತೆಲುಗಿನವರಂತೆ ನಾಯ್ನಾ ಎಂದೇ ಕರೆಯುತ್ತಿದ್ದಳು. ತಾತ ರೊಟ್ಟಿ ಅಗಿಯುತ್ತ, "ನನ್ಗೂ ಆಗೋಯ್ತು ಕಣಮ್ಮ. ಅಲ್ಲಿ ಗಾಳಿ ಚೆಂದಾಗ್ ಬತ್ತೈತೆ" ಎಂದ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊಗೆ ಎಂದುಕೊಂಡೆ.

ಗಣಿ ಮುಚ್ಚಿದಾಗ ತಾತ ಆಗಲೇ ಹಾಸಿಗೆ ಹಿಡಿದಿದ್ದ. ಕಲ್ಲಿನ ಧೂಳು ಶ್ವಾಸಕೋಶದೊಳಗೆ ಕೂತು, ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಕಾಯಬೇಕಾಗುತ್ತಿತ್ತು. ಇನ್ನು ಹೆಚ್ಚು ದಿನವಿಲ್ಲ ಎಂದು ತಿಳಿದು ಯೋಹಾನಪ್ಪ ಒಂದು ಬೆಳಿಗ್ಗೆ ರೊಟ್ಟಿ ಮತ್ತು ದ್ರಾಕ್ಷಾರಸದ ಬಟ್ಟಲು ತೆಗೆದುಕೊಂಡು ಮನೆಗೇ ಬಂದ. ಸಾಯುವವನಿಗೆ ಯಾವ ಚಾಪೆಯೂ ಅಡ್ಡವಿಲ್ಲ ಎಂದು ಸಭೆಯವರೇ ಒಪ್ಪಿದ್ದರಂತೆ. ತಾತ ಬಾಯಿ ತೆರೆಯಲಿಲ್ಲ. "ಮೊದ್ಲು ಸುಂದ್ರಂಗೆ" ಎಂದ. ಯೋಹಾನಪ್ಪ, "ಅಣ್ಣಾ, ಕಟ್ಳೆ ಮಾಡ್ದೋನು ನೀನೇ" ಎಂದ. ಅವನ ದನಿಯಲ್ಲಿ ಕೋಪವಿರಲಿಲ್ಲ, ಅಳುವಿತ್ತು. ತಾತ ಉಸಿರು ಕೂಡಿಸಿಕೊಂಡು, "ಊ ಕಣಪ್ಪ, ನಾನೇ. ಮುಚ್ಚಳ ಮಾಡ್ದೋನು ನಾನಲ್ವಲ್ಲ" ಎಂದ.

ಯೋಹಾನಪ್ಪ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಹೊರಗೆ ಯಾರೋ ಕೊಡ ಎಳೆದುಕೊಂಡು ಹೋದ ಸದ್ದಾಯಿತು. ಕೊನೆಗೆ ಅಮ್ಮನ ಕಡೆ ತಿರುಗಿ, "ಸುಂದ್ರಾ, ಒಂದ್ ಮಾತು" ಎಂದ. ಅಮ್ಮ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಅವಳ ಬೆರಳ ತುದಿಗಳು ಬೆಳ್ಳಗಾದದ್ದು ನನಗೆ ಕಾಣಿಸಿತು. ಯೋಹಾನಪ್ಪನೂ ಆ ಬೆರಳುಗಳನ್ನು ನೋಡಿದ. ಆಮೇಲೆ ಅವನು, "ಒಂದ್ ಲೋಟ ನೀರ್ ಕೊಡಮ್ಮ" ಎಂದ. ಅಮ್ಮ ಕೊಟ್ಟಳು. ಅವನು ಕುಡಿದ, ಲೋಟ ಕೆಳಗಿಟ್ಟ, ರೊಟ್ಟಿ ಮುರಿದು ಮೊದಲ ತುಂಡನ್ನು ಅವಳ ಅಂಗೈಯಲ್ಲಿಟ್ಟ. ಅಮ್ಮ ಅದನ್ನು ಕೂಡಲೇ ತಿನ್ನಲಿಲ್ಲ. ಮತ್ತೆ ಎರಡಾಗಿ ಮುರಿದು, ಬಟ್ಟಲಲ್ಲಿ ಅದ್ದಿ ಮೆತ್ತಗೆ ಮಾಡಿ, ಚಿಕ್ಕ ಮಗುವಿಗೆ ತಿನ್ನಿಸುವಂತೆ ತಾತನ ಬಾಯಿಗಿಟ್ಟು, ಉಳಿದದ್ದನ್ನು ತನ್ನ ಬಾಯಿಗೆ ಹಾಕಿಕೊಂಡಳು. ಇಬ್ಬರೂ ಬಹಳ ಹೊತ್ತು ಅಗಿದರು. ಆ ವಾರವೇ ತಾತ ಹೋಗಿಬಿಟ್ಟ.

ಈಗ ಆ ಲೈನಿನಲ್ಲಿ ಅರ್ಧಕ್ಕರ್ಧ ಮನೆಗಳಿಗೆ ತಗಡಿಲ್ಲ. ಪ್ರಾರ್ಥನೆ ಮನೆಯ ಜನ ಕೆಲಸ ಹುಡುಕಿಕೊಂಡು ಚೆದುರಿಹೋದರು. ಯೋಹಾನಪ್ಪ ಬದುಕಿದ್ದಷ್ಟು ದಿನ ಅಲ್ಲಿ ಕಸ ಗುಡಿಸುತ್ತಿದ್ದ. ನಾನೂ ಅಮ್ಮನೂ ಬಂಗಾರಪೇಟೆಗೆ ಬಂದೆವು. ಅವಳು ಮನೆಗಳಲ್ಲಿ ಅಡುಗೆ ಮಾಡಿ ನನ್ನನ್ನು ಓದಿಸಿದಳು. ತಂದೆಯ ಹೆಸರು ಕೇಳಿದ ಕಡೆಗಳಲ್ಲೆಲ್ಲ ದಾವೀದಪ್ಪ ಎಂದೆ; ಸುಳ್ಳು ಹೇಳುತ್ತಿದ್ದೇನೆ ಅನ್ನಿಸಲಿಲ್ಲ. ಆದರೆ ತಿಳಿಯುವ ಆಸೆ ಇರಲಿಲ್ಲ ಎಂದರೆ ಅದು ಸುಳ್ಳು. ಬಸ್ಸಿನಲ್ಲಿ ನನ್ನಂಥದೇ ಮೂಗಿನ ಗಂಡಸನ್ನು ಕಂಡರೆ ಇಳಿಯುವವರೆಗೂ ನೋಡುತ್ತಿದ್ದೆ.

ಅಮ್ಮ ತೀರಿಕೊಂಡದ್ದು ಕಳೆದ ಬೇಸಿಗೆಯಲ್ಲಿ. ಅದಕ್ಕೆ ಮುಂಚಿನ ಅವರೆಕಾಯಿ ಕಾಲದ ಒಂದು ಮಧ್ಯಾಹ್ನ ಇಬ್ಬರೂ ಜಗಲಿಯ ಮೇಲೆ ಕೂತು ಕಾಯಿ ಸುಲಿಯುತ್ತಿದ್ದೆವು. ಅವಳಿಗೆ ಆಗಲೇ ಸುಸ್ತು ಹೆಚ್ಚಾಗಿತ್ತು. ಇದ್ದಕ್ಕಿದ್ದಂತೆ, "ಒಂದಿನಾನೂ ಕೇಳ್ಲಿಲ್ವಲ್ಲೇ ನೀನು. ನಿಮ್ಮಪ್ಪ ಯಾರು ಅಂತ ಏಳ್ಬುಡ್ತೀನಿ, ಕೇಳ್ತೀಯಾ?" ಎಂದಳು. ಹೂಂ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳ ಮುಖ ನೋಡಿದೆ. ಚೌಕಟ್ಟು ಹಿಡಿದು ನಿಂತಿದ್ದ ದಿನದ ಮುಖವೇ ಅದು, ಚರ್ಮ ಮಾತ್ರ ಸುಕ್ಕಾಗಿತ್ತು. "ನಿನ್ಗೆ ಏಳ್ಬೇಕು ಅನ್ಸಿದ್ರೆ ಏಳಮ್ಮ, ಕೇಳ್ತೀನಿ. ನನ್ಗೋಸ್ಕರ ಅಂತಾದ್ರೆ ಬ್ಯಾಡ" ಎಂದೆ.

ಅವಳು ಕೈಯಲ್ಲಿದ್ದ ಕಾಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಅಂಗಾದ್ರೆ ಬುಡು" ಎಂದಳು. ಉಳಿದ ಕಾಯಿಗಳನ್ನು ನಾನೊಬ್ಬಳೇ ಸುಲಿದೆ. ಅವಳು ಸಿಪ್ಪೆಗಳನ್ನು ಪಕ್ಕಕ್ಕೆ ಸರಿಸಿ, ನನ್ನ ತೊಡೆಯ ಮೇಲೆ ತಲೆಯಿಟ್ಟು, ಬಾಯಿ ಸ್ವಲ್ಪ ತೆರೆದುಕೊಂಡು ನಿದ್ದೆಹೋದಳು. ನನಗೆ ತಿಳಿದಂತೆ ಅಮ್ಮ ಹಗಲು ಹೊತ್ತಿನಲ್ಲಿ ಮಲಗಿದ್ದು ಅದೊಂದೇ ಸಲ.