ಮುನ್ನೂರ ನಲವತ್ತೈದು ವ್ಯಾಟ್

ಹತ್ತಿಯ ಧೂಳು ಕುಡಿದು ಶ್ವಾಸಕೋಶ ಕೆಟ್ಟ ಗುರುಬಸವನನ್ನು ಗೋಪನಕೊಪ್ಪದ ಮನೆಯಲ್ಲಿ ಆಮ್ಲಜನಕದ ಯಂತ್ರವೇ ಬದುಕಿಸಿತ್ತು. ಒಂದು ಮಧ್ಯಾಹ್ನ ಕರೆಂಟು ಹೋಗಿ ಅದು ನಿಂತಿತು. ಗಂಡನ ತುಟಿ ನೀಲಿಗಟ್ಟುವುದನ್ನು ಕಂಡ ಶಾಂಭವಿ ಆಂಬ್ಯುಲೆನ್ಸಿಗೆ ಫೋನ್ ಮಾಡಿ, ಪಕ್ಕದ ಮನೆಯ ಇಂದುವಿನ ಬಳಿ ಓಡಿದಳು.

“ಇಂದು ಅಕ್ಕಾರ, ನಿಮ್ಮ ಇನ್ವರ್ಟರ್ ಎಷ್ಟು ವ್ಯಾಟ್ ತಡೀತೈತ್ರಿ?”

“ನಾಕನೂರು ಅಂತ ಅಂಗಡ್ಯಾಂವ ಹೇಳಿದ್ದ. ಯಾಕವಾ?”

ದಿನಾ ಒರೆಸುವ ಆಮ್ಲಜನಕದ ಯಂತ್ರದ ಮೇಲಿನ ಬರಹ ಶಾಂಭವಿಗೆ ಬಾಯಿಪಾಠ: ಇನ್ನೂರ ಮೂವತ್ತು ವೋಲ್ಟ್, ಒಂದೂವರೆ ಆಂಪಿಯರ್. ಮನಸ್ಸಿನಲ್ಲೇ ಗುಣಿಸಿದಳು. ಮುನ್ನೂರ ನಲವತ್ತೈದು ವ್ಯಾಟ್.

“ಫ್ಯಾನು, ಟೀವಿ ಎಲ್ಲಾ ಬಂದ್ ಮಾಡ್ರಿ, ಲಗೂ!”

ಕಿಟಕಿಯಿಂದ ತನ್ನ ಮನೆಗೆ ವಯರು ಎಳೆದು ಸಿಕ್ಕಿಸಿದಳು. ಯಂತ್ರ ಗುರುಗುಟ್ಟಿತು. ಗುರುಬಸವ ಕಣ್ಣು ತೆರೆದ. ಬ್ಯಾಟರಿ ಖಾಲಿಯಾಗುವ ಮೊದಲೇ ಆಂಬ್ಯುಲೆನ್ಸ್ ಬಂತು. ಅಲ್ಲಿಯವರೆಗೂ ಅವಳು ಗಂಡನ ಎದೆಯ ಮೇಲಿಟ್ಟ ಕೈ ತೆಗೆಯಲಿಲ್ಲ.